ಇಲ್ಲ, ಒಂದು ರೂಪಾಯಿ ಟಿಕೆಟ್‌ನಿಂದ ಮುಳುಗಲಿಲ್ಲ

2004ರಿಂದ ಎಂಟು ವರ್ಷ ಹುಬ್ಬಳ್ಳಿಯಲ್ಲಿ ಸೈಬರ್ ಸೆಂಟರ್ ನಡೆಸಿದೆ. ಏರ್ ಡೆಕ್ಕನ್ ಅನ್ನೋ ಅಗ್ಗದ ವಿಮಾನ ಕಂಪನಿಯ ಟಿಕೆಟ್‌ಗಳನ್ನು ನೂರಾರು ಜನಕ್ಕೆ ಬುಕ್ ಮಾಡಿಕೊಟ್ಟಿದ್ದೇನೆ. ಇದು ಗೊತ್ತಿರುವವರೆಲ್ಲ, ಮದುವೆ ಮನೆಯಿರಲಿ ಸಾವಿನ ಮನೆಯಿರಲಿ, ನನ್ನನ್ನು ಕಂಡ ತಕ್ಷಣ ಕೇಳುವುದು ಒಂದೇ: "ಒಂದು ರೂಪಾಯಿಗೆ ಟಿಕೆಟ್ ಕೊಟ್ಟೇ ಅಲ್ವಾ ಅದು ಮುಳುಗಿದ್ದು?"

ಇದು ಪ್ರಶ್ನೆಯಲ್ಲ. ಬಾಲಕ್ಕೆ 'ಅಲ್ವಾ' ಕಟ್ಟಿದ ತೀರ್ಪು. ಮೊನ್ನೆ ಧಾರವಾಡದ ಒಂದು ಮದುವೆಯಲ್ಲಿ ನಿವೃತ್ತ ಬ್ಯಾಂಕಿನವರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಇದನ್ನೇ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ "ನಾನು ಆಗ್ಲೇ ಹೇಳಿದ್ದೆ" ಎಂದು ಕೋಸಂಬರಿ ಕಡೆ ತಿರುಗಿಬಿಟ್ಟರು. ಆಗ್ಲೇ ಅಂದರೆ ಯಾವಾಗ ಸ್ವಾಮಿ? ಆಗ ನನ್ನ ಅಂಗಡಿಯಲ್ಲಿ ಒಂದು ರೂಪಾಯಿ ಸೀಟಿಗಾಗಿ ಪಾಳಿ ಹಚ್ಚಿದವರಲ್ಲಿ ನೀವೂ ಇದ್ದಿರಿ.

ಸರಿ, ಕೊನೇ ಸಲ ಹೇಳುತ್ತೇನೆ. ಹುಬ್ಬಳ್ಳಿಗೆ ಬರುತ್ತಿದ್ದದ್ದು ಎಟಿಆರ್ ವಿಮಾನ, ಪಂಖದ್ದು, ಚಿಕ್ಕದರಲ್ಲಿ 48 ಸೀಟು. ತುಂಬಿ ಹಾರಿದರೂ ಅರ್ಧ ಖಾಲಿ ಹಾರಿದರೂ ಖರ್ಚು ಹೆಚ್ಚುಕಮ್ಮಿ ಅಷ್ಟೇ. ಬಾಗಿಲು ಹಾಕಿದ ಮೇಲೆ ಖಾಲಿ ಸೀಟಿಗೆ ಬೆಲೆಯೇ ಇಲ್ಲ, ರಾತ್ರಿ ಸಂತೆಯಲ್ಲಿ ಉಳಿದ ಕೊತ್ತಂಬರಿ ಇದ್ದ ಹಾಗೆ. ಅದಕ್ಕೇ ತಿಂಗಳುಗಟ್ಟಲೆ ಮೊದಲೇ ಕೆಲವೇ ಕೆಲವು ಸೀಟು ಒಂದು ರೂಪಾಯಿಗೆ ಬಿಡುತ್ತಿದ್ದರು, ಮೇಲೆ ತೆರಿಗೆ ಗಿರಿಗೆ ಬೇರೆ. ದಿನ ಹತ್ತಿರ ಬಂದಂತೆ ರೇಟು ಏರುತ್ತಿತ್ತು. ಒಂದು ರೂಪಾಯಿಯವನ ಪಕ್ಕದಲ್ಲೇ ಸಾವಿರಗಟ್ಟಲೆ ಕೊಟ್ಟವನು ಕೂತಿರುತ್ತಿದ್ದ. ಇಬ್ಬರಿಗೂ ಊಟ ಇಲ್ಲ, ಕಾಫಿಗೆ ಕಾಸು.

ಹಾಗಾದರೆ ನಷ್ಟ ಇರಲಿಲ್ವಾ? ಇತ್ತು, ಜಾಸ್ತಿನೇ ಇತ್ತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್, ಸೈನ್ಯ ಬಿಟ್ಟು ರೇಷ್ಮೆ ಬೆಳೆದವರು, ಹೆಲಿಕಾಪ್ಟರ್ ಕಂಪನಿ ಕಟ್ಟಿದವರು, 2003ರ ಆಗಸ್ಟ್‌ನಲ್ಲಿ ಈ ವಿಮಾನ ಶುರು ಮಾಡಿದರು. ನಾಲ್ಕೇ ವರ್ಷದಲ್ಲಿ 60ಕ್ಕೂ ಹೆಚ್ಚು ಊರು, 40ಕ್ಕೂ ಹೆಚ್ಚು ವಿಮಾನ. ಆತುರ ಅನ್ನಿ, ಒಪ್ಪುತ್ತೇನೆ. ಅಷ್ಟರಲ್ಲಿ ಸ್ಪೈಸ್‌ಜೆಟ್, ಗೋಏರ್, ಇಂಡಿಗೋ ಬಂದವು. ಪೈಲಟ್‌ಗಳಿಗೆ ಬರ. ಎಣ್ಣೆ ರೇಟು ಏರುತ್ತಲೇ ಹೋಯಿತು, ಅದರ ಮೇಲೆ ರಾಜ್ಯಗಳ ತೆರಿಗೆ. 2006ರ ಮೇ ತಿಂಗಳಲ್ಲಿ ಷೇರು ಮಾರಾಟಕ್ಕೆ ಬಿಟ್ಟರೆ ಅದೇ ತಿಂಗಳು ಮಾರುಕಟ್ಟೆಯೂ ಬಿತ್ತು.

2007ರಲ್ಲಿ ಕಿಂಗ್‌ಫಿಷರ್ ವಿಮಾನ ಕಂಪನಿಯ ವಿಜಯ್ ಮಲ್ಯ ಬಂದರು, ಮೊದಲು ಶೇ 26 ಪಾಲು. ಆಗ ಒಂದು ನಿಯಮ ಇತ್ತು: ದೇಶದೊಳಗೆ ಐದು ವರ್ಷ ಹಾರಿಸದೆ ಹೊರದೇಶಕ್ಕೆ ಹಾರಿಸುವಂತಿಲ್ಲ. ಕಿಂಗ್‌ಫಿಷರ್ ಶುರುವಾದದ್ದು 2005ರಲ್ಲಿ. ಡೆಕ್ಕನ್‌ಗೆ ಐದು ತುಂಬಿದ್ದು 2008ರ ಆಗಸ್ಟ್‌ನಲ್ಲಿ. ಮರು ತಿಂಗಳೇ ಕಿಂಗ್‌ಫಿಷರ್ ಬೆಂಗಳೂರಿನಿಂದ ಲಂಡನ್‌ಗೆ ಹಾರಿತು. ಲೆಕ್ಕ ನೀವೇ ಹಾಕಿ. ಡೆಕ್ಕನ್ ಹೆಸರು ಹೋಗಿ ಕಿಂಗ್‌ಫಿಷರ್ ರೆಡ್ ಆಯಿತು. ಅಗ್ಗದ ವ್ಯವಹಾರ ನಮಗೆ ಬೇಡ ಎಂದು 2011ರಲ್ಲಿ ಅದನ್ನೂ ಕೈಬಿಟ್ಟರು. 2012ರ ಅಕ್ಟೋಬರ್‌ನಲ್ಲಿ ದುಬಾರಿಯದರ ಲೈಸೆನ್ಸೂ ಅಮಾನತಾಯಿತು. ದುಬಾರಿ ಟಿಕೆಟ್ ಮಾರಿದ್ದಕ್ಕೇ ಮುಳುಗಿತು ಅಂತ ಮಾತ್ರ ಯಾರೂ ಹೇಳಲ್ಲ ನೋಡಿ! ಅದೇ ವರ್ಷ ನನ್ನ ಸೈಬರ್ ಸೆಂಟರೂ ಮುಚ್ಚಿತು. ಯಾಕೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ, ಇರಲಿ.

ಕೇಳುವುದಾದರೆ ಆ ಒಂದು ರೂಪಾಯಿ ಸೀಟಲ್ಲಿ ಯಾರು ಕೂತರು ಅಂತ ಕೇಳಿ.

ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿ ಒಬ್ಬರು ತಾಯಿಯನ್ನು ಬೆಂಗಳೂರಿನ ಮಗಳ ಮನೆಗೆ ಕಳಿಸಬೇಕು ಎಂದು ಬಂದರು. ಮೂರು ದಿನ ಬಂದು ಕೂತರು, ನಾಲ್ಕನೇ ದಿನ ಸೀಟು ಸಿಕ್ಕಿತು. ಅವರ ಹತ್ತಿರ ಕಾರ್ಡ್ ಇಲ್ಲ, ನನ್ನದರಲ್ಲಿ ಕಟ್ಟಿ ನಗದು ತಗೊಂಡೆ. ಎ4 ಹಾಳೆಯ ಪ್ರಿಂಟು ಕೈಗಿಟ್ಟರೆ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇಷ್ಟೇ ಏನ್ರೀ? ಬಣ್ಣದ್ದಿಲ್ಲೇನು?" ಇಷ್ಟೇ ಅಂದೆ. ಸೀದಾ ಪಕ್ಕದ ಜೆರಾಕ್ಸ್ ಅಂಗಡಿಗೆ ಹೋಗಿ ಲ್ಯಾಮಿನೇಟ್ ಮಾಡಿಸಿಕೊಂಡು ಬಂದರು.

ವಾಪಸ್ ಬರೋಕೂ ನೋಡಲಾ ಎಂದು ಕೇಳಿದೆ.

"ಬ್ಯಾಡ್ರೀ, ರಾತ್ರಿ ಬಸ್ಸಿಗೆ ಬರ್ತಾಳ. ಹೋಗೂದು ನೋಡ್ಲಿಕ್ಕ, ಬರೂದು ಮಲಗ್ಲಿಕ್ಕ."

ಆ ವಿಮಾನದಲ್ಲಿ ಸೀಟ್ ನಂಬರ್ ಇರಲಿಲ್ಲ, ಮೊದಲು ಹತ್ತಿದವರಿಗೆ ಕಿಟಕಿ. ಹೋಗಿ ಬಂದ ಗಿರಾಕಿಗಳೆಲ್ಲ ನನಗೆ ಅದನ್ನೇ ಹೇಳುತ್ತಿದ್ದರು. ಸರ್ಕಾರಿ ಬಸ್ಸಿನ ಅಭ್ಯಾಸದಲ್ಲಿ ಜನ ಮುಂದಿನ ಬಾಗಿಲಿಗೆ ಓಡುತ್ತಿದ್ದರು. ಎಟಿಆರ್‌ನಲ್ಲಿ ಹತ್ತುವುದು ಹಿಂದಿನಿಂದ, ಮುಂದಿನದು ಸಾಮಾನಿಗೆ. ಮಂಡಿನೋವಿನ ಈ ಅಜ್ಜಿ ಓಡಲಿಲ್ಲ, ಹಿಂದೆಯೇ ಉಳಿದಳು. ಮುಂದೆ ಓಡಿದವರು ತಿರುಗಿ ಬರುವಷ್ಟರಲ್ಲಿ ಅಜ್ಜಿ ಕಿಟಕಿ ಪಕ್ಕ ಗಂಟು ಇಟ್ಟುಕೊಂಡು ಕೂತಾಗಿತ್ತಂತೆ.