ಭಾಷೆ ನಕ್ಷೆ, ಮೂರನೇ ವಾರ: ಡೇನಿಶ್ ಮುಗೀತು, ಮಾರ್ವಾಡಿ ಮುಗೀತಿಲ್ಲ

ಎರಡೆರಡು ಭಾಷೆ ಜೋಡಿ ಮಾಡಿ ನಕ್ಷೆ ಬಿಡಿಸುವ ನನ್ನ ಹುಚ್ಚಿಗೆ ಈ ಸಲ ಚೀಟಿಯಲ್ಲಿ ಬಂದಿದ್ದು ಡೇನಿಶ್ ಮತ್ತು ಮಾರ್ವಾಡಿ.

ಡೇನಿಶ್ ಅರ್ಧ ದಿನದ ಕೆಲಸ. ಡೆನ್ಮಾರ್ಕಿಗೆ ಕೆಂಪು ಬಳಿದರೆ ಬಹುಪಾಲು ಆಯಿತು. ಮಾತಾಡುವವರು 60 ಲಕ್ಷದ ಆಸುಪಾಸು. ಫ್ಯಾರೋ ದ್ವೀಪಗಳು, ಗ್ರೀನ್‌ಲ್ಯಾಂಡಿಗೆ ತೆಳು ಕೆಂಪು, ಯಾಕೆಂದರೆ ಅಲ್ಲಿ ಹೆಚ್ಚಿನವರಿಗೆ ಅದು ಶಾಲೆಯಲ್ಲಿ ಕಲಿತ ಭಾಷೆ. ಜರ್ಮನಿಯ ಫ್ಲೆನ್ಸ್‌ಬುರ್ಗ್ ಸುತ್ತ ಒಂದು ಚುಕ್ಕಿ. 1920ರಲ್ಲಿ ಜನರ ಮತ ಕೇಳಿಯೇ ಗಡಿ ಎಳೆದಿದ್ದರೂ ಒಂದಿಷ್ಟು ಡೇನರು ಆಚೆ ಉಳಿದುಬಿಟ್ಟರು. ಅವರಿಗೆ ಅಲ್ಲಿ ಈಗಲೂ ಡೇನಿಶ್ ಶಾಲೆಗಳಿವೆ, ದಿನಪತ್ರಿಕೆಯಿದೆ.

ಮಾರ್ವಾಡಿಗೆ ಬಂದಾಗ ಅಳಿಸಿ ಅಳಿಸಿ ಹಾಳೆಯೇ ತೂತಾಯಿತು. ರಾಜಸ್ಥಾನದ ಜೋಧಪುರ, ಪಾಲಿ, ನಾಗೌರ್, ಬಾಡಮೇರ್ ಸರಿ. ಗಡಿ ದಾಟಿ ಸಿಂಧ್‌ನ ಉಮರ್‌ಕೋಟ್, ಥಾರ್‌ಪಾರ್‌ಕರ್ ಕಡೆಗೂ ಬಣ್ಣ ಹರಿಯಬೇಕು. ಕೋಲ್ಕತ್ತ, ಚೆನ್ನೈ, ನಮ್ಮ ಚಿಕ್ಕಪೇಟೆಗೆ ಏನು ಮಾಡಲಿ? ನಮ್ಮಲ್ಲಿ ಮಾರ್ವಾಡಿ ಅಂದರೆ ಭಾಷೆಗಿಂತ ಮೊದಲು ಒಡವೆ ಅಡ ಇಡುವ ಅಂಗಡಿಯೇ ನೆನಪಾಗೋದು, ಅಲ್ವಾ?

ಲೆಕ್ಕದಲ್ಲೂ ಎಡವಿದೆ. 2011ರ ಜನಗಣತಿಯ ಮುಖ್ಯ ಪಟ್ಟಿಯಲ್ಲಿ ಮಾರ್ವಾಡಿ ಕಾಣಲಿಲ್ಲ ಅಂತ ಮೊದಲ ವಾರ ಸೊನ್ನೆ ಬರೆದಿದ್ದೆ. ಆಮೇಲೆ ನೋಡಿದರೆ ಅದು ಹಿಂದಿಯ ಹೊಟ್ಟೆಯೊಳಗಿತ್ತು! ಮಾರ್ವಾಡಿ ಅಂತ ಹೇಳಿದವರು ಸುಮಾರು 78 ಲಕ್ಷ, ಅಂದರೆ ಡೇನಿಶ್‌ಗಿಂತ ಜಾಸ್ತಿ. ಸುಮ್ನೆ 'ರಾಜಸ್ಥಾನಿ' ಅಂದವರು ಬೇರೆ, 2.58 ಕೋಟಿ. ಅವರಲ್ಲಿ ಎಷ್ಟು ಜನ ಮನೆಯಲ್ಲಿ ಮಾರ್ವಾಡಿ ಆಡುತ್ತಾರೋ, ಹೇಗೆ ಬಣ್ಣ ಹಚ್ಚೋದು? ರಾಜಸ್ಥಾನಿಯನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ, ಅಂದರೆ ಮಾನ್ಯತೆ ಪಡೆದ ಭಾಷೆಗಳ ಪಟ್ಟಿಗೆ, ಸೇರಿಸಿ ಅಂತ ಅಲ್ಲಿನ ವಿಧಾನಸಭೆ 2003ರಲ್ಲೇ ನಿರ್ಣಯ ಮಾಡಿದೆ. ಇನ್ನೂ ಸೇರಿಲ್ಲ.

ಈ ವಾರ ಮಜಾ ಕೊಟ್ಟಿದ್ದು ಮಾತ್ರ ಬರವಣಿಗೆಯ ಕಾಲಂ. ಡೇನರು ಅಕ್ಷರ ಬರೆದು ನುಂಗುತ್ತಾರೆ. ಅವರ ಕೆಂಪು ಹಣ್ಣಿನ ಗಂಜಿಯ ಹೆಸರನ್ನು 'ರೋಡ್‌ಗ್ರೋಡ್' ಅಂತ ಓದಿಕೊಂಡಿದ್ದೆ. ಆಡಿಯೋದಲ್ಲಿ ನನ್ನ ಕಿವಿಗೆ ಬಿದ್ದಿದ್ದು 'ರೋಲ್‌ಗ್ರೋಲ್'! ಆ 'ಡ'ಗೆ ನಾಲಿಗೆ ಎಲ್ಲೂ ತಾಗಿದ ಹಾಗೆ ಕೇಳಿಸೋದೇ ಇಲ್ಲ. ಮಾರ್ವಾಡಿ ವ್ಯಾಪಾರಿಗಳ ಹಳೇ ಮಹಾಜನಿ ಲಿಪಿ ಇದಕ್ಕೆ ತಿರುಗಾಮುರುಗಾ. ಸ್ವರಗಳನ್ನು ಬರೆಯುವ ಗೋಜೇ ಕಡಿಮೆ, ಓದುವವನೇ ತುಂಬಿಕೊಳ್ಳಬೇಕು. ಅದಕ್ಕೊಂದು ಹಳೇ ಜೋಕ್ ಇದೆ. 'ಕಾಕಾ ಅಜಮೇರ್ ಗಯಾ', ಚಿಕ್ಕಪ್ಪ ಅಜ್ಮೇರ್‌ಗೆ ಹೋದರು ಅಂತ ಕಾಗದ ಬರೆದರೆ, ಮನೆಯವರು 'ಕಾಕಾ ಆಜ್ ಮರ್ ಗಯಾ', ಚಿಕ್ಕಪ್ಪ ಇವತ್ತು ತೀರಿಕೊಂಡರು ಅಂತ ಓದಿ ಅಳೋಕೆ ಕೂತರಂತೆ.

ಇನ್ನೊಂದು, ಮಾರ್ವಾಡಿಯಲ್ಲಿ ನಮ್ಮ ಹಾಗೇ ಳ ಇದೆ. ಹಿಂದಿಯ 'ಕಾಲಾ' ಅಲ್ಲಿ 'ಕಾಳೋ'. ಇದನ್ನು ಕೇಳಿದ ಮೇಲೆ ಹಿಂದಿಯ ಹೊಟ್ಟೆಯಿಂದ ಹೊರಗೆ ತೆಗೆದು ಅದಕ್ಕೆ ಬೇರೆ ಬಣ್ಣವನ್ನೇ ಕೊಟ್ಟೆ, ಅರಿಶಿನ. ಚಿಕ್ಕಪೇಟೆಗೂ ಒಂದು ಅರಿಶಿನ ಚುಕ್ಕಿ ಬಿತ್ತು. ಸಿಂಧ್ ಕಡೆಯ ಅಂಚು ಇನ್ನೂ ಪೆನ್ಸಿಲ್‌ನಲ್ಲೇ ಇದೆ. ಮುಂದಿನ ಭಾನುವಾರ ಹೊಸ ಹಾಳೆ ತಂದು ಕೂರಬೇಕು.