ಕೆಲಸಗಾರರ ಮನಸ್ಸಿನ ಉಸಾಬರಿ ಕಂಟ್ರಾಕ್ಟರ್‌ಗೆ ಯಾಕೆ?

ಹುಬ್ಬಳ್ಳಿಯಲ್ಲಿ ಯಾವ ಮದುವೆಗೆ ಹೋದರೂ ನಮ್ಮ ಲೈನಿನವರು ಒಬ್ಬರಾದರೂ ಸಿಕ್ಕು ಇದನ್ನೇ ಕೇಳುತ್ತಾರೆ. "ಪಗಾರ ಕೊಡ್ತೀರಿ, ಹೆಲ್ಮೆಟ್ ಕೊಟ್ಟೀರಿ, ಸಾಕಲ್ರೀ. ಅವರ ಮನಸ್ಸಿನ ಉಸಾಬರಿ ನಿಮಗ್ಯಾಕ?"

ಮೊದಲು ನಾನೂ ಹಾಗೇ ಅನ್ನುತ್ತಿದ್ದೆ.

ನವನಗರದ ಸೈಟ್‌ನಲ್ಲಿ ಹಾವೇರಿ ಕಡೆಯ ಒಬ್ಬ ಬಾರ್ ಬೆಂಡರ್, ಅಂದರೆ ಕಬ್ಬಿಣದ ಸರಳು ಬಗ್ಗಿಸಿ ಕಟ್ಟುವವ, ಇದ್ದ. ಕೈ ಎಷ್ಟು ಪಕ್ಕಾ ಅಂದರೆ ಟೇಪ್ ಇಲ್ಲದೆಯೇ ಅಳತೆ ಸರಿ ಬರುತ್ತಿತ್ತು. ಅಂಥವನು ಒಂದು ದಿನ ಕಾಲಂಗೆ 6 ಇಂಚಿಗೊಂದು ಕಟ್ಟಬೇಕಾದ ರಿಂಗನ್ನು 9 ಇಂಚಿಗೊಂದು ಕಟ್ಟಿಬಿಟ್ಟಿದ್ದ. ಎಲ್ಲರ ಮುಂದೆಯೇ ಬೈದೆ. ಅವನು ತುಟಿ ಬಿಚ್ಚಲಿಲ್ಲ, ಸುಮ್ನೆ ತಂತಿ ಬಿಚ್ಚಲು ಕೂತ, ಆದರೆ ಕೈಯಲ್ಲಿದ್ದ ಹುಕ್ ನಡುಗುತ್ತಿತ್ತು. ಸಂಜೆ ಚಹಾಕ್ಕೆ ಕರೆದುಕೊಂಡು ಹೋಗಿ ಕೇಳಿದೆ. "ಹದಿನೈದು ದಿನ ಆತ್ರೀ ಸಾಹೇಬ್ರ, ನಿದ್ದಿನ ಬರವಲ್ದು" ಅಂದ. ಹಿಂದಿನ ಸೈಟ್‌ನ ಪಗಾರ ಬಾಕಿ, ಊರಲ್ಲಿ ಸಾಲ, ಹೆಂಡತಿಯ ಫೋನ್ ಬಂದರೆ ಎತ್ತಲು ಹೆದರಿಕೆ. ಇಂಥವನನ್ನು ದಿನಾ ಮೂರನೇ ಮಹಡಿಗೆ ಹತ್ತಿಸುತ್ತಿದ್ದೆನಲ್ಲ!

ಧಾರವಾಡದ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗೋಣ ಅಂದೆ. "ಹುಚ್ಚರ ದವಾಖಾನಿಗೇನ್ರೀ?" ಅಂತ ಹಿಂದೆ ಸರಿದ. "ನಿದ್ದಿ ಬರಲಾರದವರೂ ಹೋಗ್ತಾರಪಾ, ನಡಿ" ಅಂತ ಬೈಕಿಗೆ ಹತ್ತಿಸಿಕೊಂಡೆ. ಆ ದಿನದ ಪಗಾರ ಹಿಡಿಯಲಿಲ್ಲ. ಹಿಡಿದಿದ್ದರೆ ಎರಡನೇ ಸಲ ಬರುತ್ತಿರಲಿಲ್ಲ.

ಆಮೇಲೆ ಬದಲಾಗಿದ್ದು ಮುಖ್ಯವಾಗಿ ಬಟವಾಡೆ. ಮಾಲೀಕರು ಬಿಲ್ ಕೊಡಲಿ ಬಿಡಲಿ, ಶನಿವಾರ ಸಂಜೆ ಐದಕ್ಕೆ ದುಡ್ಡು ಕೈಗೆ ಬೀಳಬೇಕು. ಇದಕ್ಕಾಗಿ ಎರಡು ವಾರದ ಪಗಾರ ಬೇರೆಯೇ ಎತ್ತಿಡುತ್ತೇನೆ, ಹಾಗಾಗಿ ವರ್ಷಕ್ಕೆ ಒಂದು ಕೆಲಸ ಕಡಿಮೆ ಹಿಡಿಯುತ್ತೇನೆ. ಲಾಭ ಸ್ವಲ್ಪ ಕಡಿಮೆ ಆಗಿದೆ, ಹೌದು. ಆದರೆ ಭಾಷಣಕ್ಕಿಂತ ಇದೇ ಜಾಸ್ತಿ ಕೆಲಸ ಮಾಡಿದೆ ಅಂತ ನನ್ನ ಲೆಕ್ಕ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು, ಅದಕ್ಕೆ ತಡಮಾಡದೆ ಸಹಿ ಹಾಕುತ್ತೇನೆ. ಮಕ್ಕಳ ಓದಿಗೆ, ದವಾಖಾನೆ ಖರ್ಚಿಗೆ ನೆರವು ಸಿಗುತ್ತದೆ ಅಂದರೆ ಅರ್ಧ ಚಿಂತೆ ಅಲ್ಲೇ ಇಳಿಯುತ್ತದೆ, ಅಲ್ವಾ? ಸಿಮೆಂಟ್ ಗೋದಾಮಿನ ಬಾಗಿಲ ಮೇಲೆ 14416 ಅಂತ ದೊಡ್ಡದಾಗಿ ಬರೆಸಿದ್ದೇನೆ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ನಂಬರ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಗೌಂಡಿಗಳಷ್ಟೇ ಅಲ್ಲ, ಸೈಟ್ ಎಂಜಿನಿಯರ್ ಹುಡುಗರನ್ನೂ ನೋಡಿ. ಮಾಲೀಕರ ಬೈಗುಳ ಕೆಳಗೆ ಬರುವಾಗ ಮೊದಲು ಸಿಗುವುದು ಅವರೇ. ಸ್ಲ್ಯಾಬ್ ಹಾಕಿ ರಾತ್ರಿಯೆಲ್ಲ ನಿಂತವನಿಗೆ ಮರುದಿನ ರಜೆ, ನಾನೇ ಅವನಿಗೆ ಫೋನ್ ಮಾಡುವುದಿಲ್ಲ.

ಎಲ್ಲರೂ ಸರಿಹೋದರು ಅಂತಲ್ಲ. ಒಬ್ಬ ಗೌಂಡಿ ಹೇಳದೆ ಕೇಳದೆ ಊರಿಗೆ ಹೋದ, ಫೋನ್ ಇವತ್ತಿಗೂ ಸ್ವಿಚ್ ಆಫ್. ಅವನ ಕರಣೆ, ಮಟ್ಟಗೋಲು ಇನ್ನೂ ನಮ್ಮ ಗೋದಾಮಿನಲ್ಲೇ ಇವೆ. ಬಾರ್ ಬೆಂಡರ್ ಮಾತ್ರ ಈಗ ಟೇಪ್ ಹಿಡಿದೇ ಕಟ್ಟುತ್ತಾನೆ, ನಾನು ಹತ್ತಿರ ಹೋದರೆ ಕೇಳುವ ಮೊದಲೇ "ಆರ ಐತ್ರೀ" ಅನ್ನುತ್ತಾನೆ.