ಹತ್ತುವುದಕ್ಕೆ ಎಸ್ಕಲೇಟರ್, ಇಳಿಯುವುದಕ್ಕೆ?

ಹಾಂಗ್‌ಕಾಂಗ್ ದ್ವೀಪದ ಉತ್ತರ ತೀರದಲ್ಲಿ ಸಮತಟ್ಟು ಜಾಗ ಅಂದರೆ ಸಮುದ್ರದಂಚಿನ ಒಂದು ಪಟ್ಟಿ ಮಾತ್ರ. ಅದರಲ್ಲೂ ಬಹುಪಾಲು ಸಮುದ್ರ ತುಂಬಿಸಿ ಮಾಡಿಕೊಂಡದ್ದು. ಬ್ಯಾಂಕು, ಆಫೀಸುಗಳೆಲ್ಲ ಇರುವ ಸೆಂಟ್ರಲ್ ಅಲ್ಲಿದೆ. ಬೆನ್ನಿಗೇ ಬೆಟ್ಟ. ಬೆಟ್ಟದ ಮಗ್ಗುಲಲ್ಲಿ ಮಿಡ್-ಲೆವೆಲ್ಸ್ ಅನ್ನುವ ವಸತಿ ಪ್ರದೇಶ. ಇವೆರಡರ ನಡುವೆ ಬೀದಿಯ ಮೇಲೇ ಓಡುವ ಎಸ್ಕಲೇಟರ್ ಸಾಲು ಶುರುವಾದದ್ದು 1993ರಲ್ಲಿ. ಉದ್ದ ಸುಮಾರು 800 ಮೀಟರ್, ಏರು 135 ಮೀಟರ್. ಟಿಕೆಟ್ ಇಲ್ಲ, ಗೇಟ್ ಇಲ್ಲ. ಯಾರು ಬೇಕಾದರೂ ಹತ್ತಬಹುದು.

ನಾನು ಅಪ್ಪನ ಜೊತೆ ಹೋಗಿದ್ದೆ. ತಮ್ಮನ ಕೆಲಸ ಆ ಊರಲ್ಲೇ. ಅಪ್ಪ ಪಿಡಬ್ಲ್ಯುಡಿಯಲ್ಲಿ ಇಂಜಿನಿಯರ್ ಆಗಿದ್ದವರು, ಕೊಡಗಿನ ಗುಡ್ಡದ ರಸ್ತೆಗಳಲ್ಲೇ ಸರ್ವಿಸ್ ಕಳೆದವರು. ಈಗ ಮಂಡಿನೋವು. ಏರು ಕಂಡರೆ ಮೊದಲು ಕೂರುವ ಜಾಗ ಹುಡುಕುತ್ತಾರೆ.

ಸೆಂಟ್ರಲ್ ಮಾರ್ಕೆಟ್ ಕಟ್ಟಡದ ಹತ್ತಿರ ಹೊರಟೆವು. ಒಂದೇ ಉದ್ದ ಎಸ್ಕಲೇಟರ್ ಇರುತ್ತದೆ ಅಂದುಕೊಂಡು ಹೋಗುವವರಿಗೆ ಅಲ್ಲಿ ಕಾಣುವುದು ಬೇರೆ. ಚಿಕ್ಕ ಚಿಕ್ಕ ಎಸ್ಕಲೇಟರ್‌ಗಳ ಸಾಲು, ನಡುವೆ ಕಾಲುಸೇತುವೆ, ಕೆಲವು ಕಡೆ ಮೆಟ್ಟಿಲಿಲ್ಲದೆ ಇಳಿಜಾರಾಗಿ ಸಾಗುವ ಪಟ್ಟಿ. ಮೇಲೆ ಚಾವಣಿ ಇದೆ, ಪಕ್ಕ ತೆರೆದೇ ಇದೆ. ಅಪ್ಪನಿಗೆ ತುಂಬಾ ಹಿಡಿಸಿದ್ದು ಈ ತುಂಡು ತುಂಡು ವ್ಯವಸ್ಥೆಯೇ. "ನೋಡು ಪುಟ್ಟಿ, ಒಂದು ಕೆಟ್ರೆ ಅದೊಂದನ್ನೇ ನಿಲ್ಲಿಸಿ ರಿಪೇರಿ ಮಾಡಬಹುದು. ಉಳಿದದ್ದು ಓಡ್ತಾನೇ ಇರುತ್ತೆ" ಅಂದರು. ನನಗೆ ಕಂಡ ಲಾಭ ಇನ್ನೊಂದು. ಪ್ರತಿ ಅಡ್ಡಬೀದಿಗೂ ಇಳಿಯಬಹುದು.

ನಾವು ಸುಮಾರು ಎಲ್ಲ ಕಡೆಯೂ ಇಳಿದೆವು. ಕಾಕ್ರೇನ್ ಸ್ಟ್ರೀಟ್‌ನಲ್ಲಿ ಮಹಡಿ ಮನೆಯ ಕಿಟಕಿಗಳ ಎತ್ತರದಲ್ಲೇ ಸಾಗುತ್ತೇವೆ. ಪಕ್ಕದ ಗ್ರಹಾಂ ಸ್ಟ್ರೀಟ್‌ನಲ್ಲಿ ಹಳೆಯ ಬೀದಿ ಸಂತೆ: ಸೊಪ್ಪು, ಕಿತ್ತಳೆ, ತೋಫು, ಉಪ್ಪಿಗೆ ಹಾಕಿದ ಮೊಟ್ಟೆ. ಹಾಲಿವುಡ್ ರೋಡ್ ಹತ್ತಿರ ಬಂದರೆ ಕಾಲುಸೇತುವೆಯಿಂದ ಸೀದಾ ತೈ ಕ್ವುನ್ ಒಳಗೇ ನಡೆಯಬಹುದು. ಅದು ಹಿಂದೆ ಪೊಲೀಸ್ ಠಾಣೆ, ಕೋರ್ಟು, ಜೈಲು ಮೂರೂ ಇದ್ದ ಆವರಣ. 2018ರಿಂದ ಸಾರ್ವಜನಿಕರಿಗೆ ತೆರೆದಿದೆ. ವಿಯೆಟ್ನಾಂನ ನಾಯಕ ಹೋ ಚಿ ಮಿನ್ ಅವರನ್ನು 1931ರಲ್ಲಿ ಈ ಜೈಲಿನಲ್ಲೇ ಇಟ್ಟಿದ್ದರು. ಬ್ರಿಟಿಷರು ಇಲ್ಲಿನ ಪೊಲೀಸ್ ಕೆಲಸಕ್ಕೆ ಪಂಜಾಬಿನಿಂದ ಸಿಖ್ಖರನ್ನು ಕರೆತರುತ್ತಿದ್ದರು. ಅಂಗಳದ ದೊಡ್ಡ ಮಾವಿನ ಮರದ ಕಡೆ ನೋಡುತ್ತಾ ನಾನು ಅವರನ್ನೇ ನೆನೆದೆ. ಅಷ್ಟು ದೂರದಿಂದ ಬಂದು ಈ ಗುಡ್ಡ ಹತ್ತಿಳಿದವರು.

ಹಾಲಿವುಡ್ ರೋಡ್ ದಾಟಿದರೆ ಸೋಹೋ. ಬರೀ ರೆಸ್ಟೋರೆಂಟು, ಬಾರು. ಎಸ್ಕಲೇಟರ್ ಬರುವ ಮುಂಚೆ ಇದು ಸಾಮಾನ್ಯ ಜನರ ಸದ್ದಿಲ್ಲದ ಕೇರಿ. ಜನರ ಓಡಾಟ ಹೆಚ್ಚಿತು, ಬಾಡಿಗೆ ಏರಿತು, ಹಳೇ ಅಂಗಡಿಗಳು ಜಾಗ ಖಾಲಿ ಮಾಡಿದವು. ಇದು ನನಗೆ ನಿಜವಾಗಿ ಬೇಸರದ ವಿಷಯ. ಬೆಟ್ಟದ ರಸ್ತೆಗಳಲ್ಲಿ ಕಾರು ಕಮ್ಮಿ ಮಾಡೋಣ ಅಂತ ಕಟ್ಟಿದ್ದು. ಕಾರುಗಳು ಅಂದುಕೊಂಡಷ್ಟು ಕಮ್ಮಿ ಆಗಲಿಲ್ಲ. ಆದರೆ ಎಣಿಸಿದ್ದಕ್ಕಿಂತ ಎಷ್ಟೋ ಜಾಸ್ತಿ ಜನ ನಡೆಯತೊಡಗಿದರು.

ಶೆಲ್ಲಿ ಸ್ಟ್ರೀಟ್‌ನಲ್ಲಿ ಮೇಲೇರಿದರೆ ತಿಳಿ ಹಸಿರು ಬಣ್ಣದ ಜಾಮಿಯಾ ಮಸೀದಿ. ಈಗಿನ ಕಟ್ಟಡ 1915ರದ್ದು, ಮುಂಬೈನ ವ್ಯಾಪಾರಿಯೊಬ್ಬರ ಹಣದಿಂದ ಕಟ್ಟಿಸಿದ್ದು. ಸುತ್ತ ಆಕಾಶದೆತ್ತರದ ಅಪಾರ್ಟ್‌ಮೆಂಟ್‌ಗಳು, ನಡುವೆ ಮರದ ನೆರಳಿನ ಈ ಅಂಗಳ. ಇಡೀ ದಾರಿಯಲ್ಲಿ ನನಗೆ ಇಷ್ಟವಾದ ಜಾಗ ಇದೇ.

ಕೊನೆಯ ನಿಲುಗಡೆ ಕಾಂಡ್ಯುಟ್ ರೋಡ್. ಅಪ್ಪ ಹಿಂತಿರುಗಿ ಕೆಳಗೆ ನೋಡಿ, "ಇಳಿಯೋದು ಹೇಗೆ?" ಅಂದರು.

ಪ್ರಶ್ನೆ ಅಲ್ಲೇ ಇರುವುದು. ಎಸ್ಕಲೇಟರ್ ಬೆಳಿಗ್ಗೆ 6ರಿಂದ 10ರವರೆಗೆ ಇಳಿಯುತ್ತದೆ, ಆಮೇಲೆ ರಾತ್ರಿ 12ರವರೆಗೆ ಹತ್ತುತ್ತದೆ. ಬೀದಿ ಕಿರಿದು, ದಾರಿಯ ಬಹುಭಾಗದಲ್ಲಿ ಎರಡು ಕೂರಿಸಲು ಜಾಗವಿಲ್ಲ. ವಯಸ್ಸಾದವರಿಗೆ ಹತ್ತುವುದೇ ಕಷ್ಟ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ ಅಲ್ವಾ? ಹತ್ತುವಾಗ ಉಸಿರು ಕಟ್ಟುತ್ತದೆ, ನಿಜ. ಆದರೆ ಮಂಡಿ ಸವೆದವರಿಗೆ ಪ್ರಾಣ ಹೋಗುವುದು ಇಳಿಯುವಾಗ. ಒಂದೊಂದು ಮೆಟ್ಟಿಲಿಗೂ ಮೈಭಾರವೆಲ್ಲ ಮಂಡಿ ಮೇಲೆ. ಅಪ್ಪ ಕಂಬಿ ಹಿಡಿದು, ಅಡ್ಡಡ್ಡ ಕಾಲಿಟ್ಟು, ಒಂದು ಬೀದಿಯಷ್ಟು ಇಳಿದರು. ಆಮೇಲೆ ಕೆಳಗಿನ ರಾಬಿನ್ಸನ್ ರೋಡಿನಲ್ಲಿ ಬಸ್ ಹಿಡಿದೆವು. ಇಷ್ಟು ಒಳ್ಳೆಯದನ್ನು ಮಾಡಿದ ಊರು ಸಂಜೆ ಇಳಿಯುವ ಮುದುಕರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ನನ್ನ ಆಸೆ.

ಬಸ್ಸಿನಲ್ಲಿ ಅಪ್ಪ ಸುಮ್ನೆ ಕೂರಲಿಲ್ಲ. ಸಮಯ ಲೆಕ್ಕ ಹಾಕುತ್ತಿದ್ದರು. ಮಾರನೇ ದಿನ ಒಂಬತ್ತಕ್ಕೆಲ್ಲ ನಾವು ಮೇಲಿದ್ದೆವು. ಆಫೀಸಿಗೆ ಹೋಗುವವರ ಜೊತೆ ನಿಂತು ಇಳಿದೆವು. ಗ್ರಹಾಂ ಸ್ಟ್ರೀಟ್‌ನಲ್ಲಿ ಅಪ್ಪ ಬೆರಳು ತೋರಿಸಿ, ಅಳೆದು ಸುರಿದು ಕಿತ್ತಳೆ ಆರಿಸಿದರು. ಗಾಲಿ ಚೀಲ ಎಳೆದುಕೊಂಡು ಬಂದಿದ್ದ ಒಬ್ಬ ಅಜ್ಜಿಯೂ ಅಲ್ಲೇ ಸೊಪ್ಪು ಕೊಳ್ಳುತ್ತಿದ್ದರು. ಹತ್ತು ಗಂಟೆ ದಾಟಿ, ಎಸ್ಕಲೇಟರ್ ಮೇಲಕ್ಕೆ ಓಡಲು ಶುರುವಾದ ಮೇಲೆ ಆ ಅಜ್ಜಿ ಹೊರಟರು. ಅವರ ಹಿಂದೆಯೇ ಅಪ್ಪ, ಕೈಯಲ್ಲಿ ಕಿತ್ತಳೆ ಚೀಲ.